ಶಿಫಾನ್ ಹೆಸರಿನ ಮೂರು ಸೀರೆ: ತೂಗಿ, ನೂಲು ಬಿಡಿಸಿ, ಸುಟ್ಟು ನೋಡಿದ ಮೇಲೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದೇ ಅಂಗಡಿಯಿಂದ ತಂದ ಮೂರು ಸೀರೆಗಳ ವಿಮರ್ಶೆ ಇದು. ಮೂರಕ್ಕೂ ಅಂಗಡಿಯವರು ಹೇಳಿದ ಹೆಸರು ಶಿಫಾನ್. ಒಂದರ ಬೆಲೆ 7,800 ರೂಪಾಯಿ, ಇನ್ನೊಂದರದು 8,600, ಮೂರನೆಯದರದು 650. ಬಿಲ್ಲಿನಲ್ಲೂ ಮೂರು ಸಾಲಿಗೂ ‘ಶಿಫಾನ್ ಸೀರೆ’ ಅಂತಲೇ ಬರೆದಿದ್ದಾರೆ. ಒಂದೇ ಹೆಸರಿನ ಮಾಲಿಗೆ ಬೆಲೆ ಹದಿಮೂರು ಪಟ್ಟು ಹೆಚ್ಚುಕಮ್ಮಿ ಆಗುತ್ತದೆ ಅಂದರೆ, ಆ ಹೆಸರು ಬಟ್ಟೆಯ ಬಗ್ಗೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಹಾಗಾಗಿ ಪದದಿಂದಲೇ ಶುರು.

ಶಿಫಾನ್ ಫ್ರೆಂಚ್ ಪದ. ಅಲ್ಲಿನವರ ಬಾಯಲ್ಲಿ ಅದು ‘ಶಿಫೋಂ’. ಅರ್ಥ ಚಿಂದಿ. ಹಳೇ ಬಟ್ಟೆಯ ತುಂಡು, ಧೂಳು ಒರೆಸುವ ಅರಿವೆ. ನಾವು ಅಡುಗೆಮನೆಯಲ್ಲಿ ಮಸಿಬಟ್ಟೆ ಅನ್ನುತ್ತೇವಲ್ಲ, ಅಂಥದ್ದಕ್ಕೆ ಫ್ರೆಂಚರು ಇವತ್ತಿಗೂ ಹೇಳುವುದು ಶಿಫೋಂ ಎಂದೇ. ಮೂಲದಲ್ಲಿ ‘ಶಿಫ್’ ಎಂಬ ಇನ್ನೊಂದು ಪದವಿದೆ. ಅದಕ್ಕೂ ಸತ್ವವಿಲ್ಲದ, ಜೋತುಬಿದ್ದ ಬಟ್ಟೆ ಎಂದೇ ಅರ್ಥ. ಅದರಿಂದ ಹುಟ್ಟಿದ ಕ್ರಿಯಾಪದ ‘ಶಿಫೊನೇ’, ಅಂದರೆ ಮುದುಡುವುದು, ಮುದ್ದೆ ಮಾಡುವುದು. ‘ಶಿಫೊನಿಯೇ’ ಅಂದರೆ ಚಿಂದಿ ಆಯುವವನು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ಇವರದು ದೊಡ್ಡ ಕಸುಬು. ಮರದ ತಿರುಳಿನಿಂದ ಕಾಗದ ಮಾಡುವುದು ಬಳಕೆಗೆ ಬರುವ ಮುಂಚೆ ಕಾಗದಕ್ಕೆ ಬೇಕಾದ ಕಚ್ಚಾಮಾಲು ಹಳೇ ಹತ್ತಿ, ನಾರುಬಟ್ಟೆಯ ಚಿಂದಿಯೇ ಆಗಿತ್ತು. 1883ರ ನವೆಂಬರಿನಲ್ಲಿ ಅಲ್ಲಿನ ಆಡಳಿತಾಧಿಕಾರಿ ಯೂಜೆನ್ ಪೂಬೆಲ್ ಪ್ರತಿ ಮನೆಯೂ ಮುಚ್ಚಳವಿರುವ ಕಸದ ಡಬ್ಬಿ ಇಡಬೇಕೆಂದು ಆದೇಶ ಹೊರಡಿಸಿದಾಗ ಮೊದಲು ದನಿ ಎತ್ತಿದವರು ಈ ಚಿಂದಿ ಆಯುವವರು, ಹೊಟ್ಟೆಪಾಡು ಹೋಗುತ್ತದೆಂದು. ಫ್ರೆಂಚಿನಲ್ಲಿ ಕಸದ ಡಬ್ಬಿಗೆ ಇಂದಿಗೂ ಆ ಅಧಿಕಾರಿಯ ಹೆಸರೇ ಉಳಿದಿದೆ.

ಚಿಂದಿ ರೇಷ್ಮೆ ಆಗಿದ್ದು ಹೇಗೆ? ನಡುವೆ ಒಂದು ಮೆಟ್ಟಿಲಿದೆ. ಬಹುವಚನದಲ್ಲಿ ಈ ಪದಕ್ಕೆ ಹೆಂಗಸರ ಉಡುಪಿನ ರಿಬ್ಬನ್ನು, ಲೇಸು, ಅಂಚಿಗೆ ಹಚ್ಚುವ ಚೂರುಪಾರು ಎಂಬ ಅರ್ಥ ಬಂತು. ‘ಪಾರ್ಲೇ ಶಿಫೋಂ’ ಅಂದರೆ ಸೀರೆ-ಕುಪ್ಪಸದ ಮಾತಾಡುತ್ತಾ ಕೂರುವುದು. ಆ ಅಲಂಕಾರದ ತುಣುಕುಗಳ ಅರ್ಥದಲ್ಲಿ ಪದ ಇಂಗ್ಲಿಷಿಗೆ ಹೋಯಿತು. ಅಲ್ಲಿ ಆ ತುಣುಕಿನಷ್ಟೇ ಹಗುರಾದ, ಪಾರದರ್ಶಕ ರೇಷ್ಮೆಗೆ ಹೆಸರಾಗಿ ನಿಂತಿತು. ನಮಗೆ ಬಂದದ್ದು ಆ ಇಂಗ್ಲಿಷಿನ ಶಿಫಾನ್. ಫ್ರಾನ್ಸಿನಲ್ಲಿ ಅದೇ ಬಟ್ಟೆಗೆ ವಾಡಿಕೆಯ ಹೆಸರು ‘ಮೂಸ್ಲೀನ್ ದ ಸ್ವಾ’, ರೇಷ್ಮೆಯ ಮಸ್ಲಿನ್. ಮಸ್ಲಿನ್ ಪದದ ಮೂಲ ಇರಾಕಿನ ಮೊಸುಲ್ ಪಟ್ಟಣದ ಹೆಸರು. ಶಿಫಾನ್ ಸೀರೆಯನ್ನು ನಮ್ಮ ದೇಶದ ಸಿರಿವಂತರಲ್ಲಿ ಚಾಲ್ತಿಗೆ ತಂದವರೆಂದು ಕೂಚ್‌ಬಿಹಾರದ ಮಹಾರಾಣಿ ಇಂದಿರಾದೇವಿಯವರನ್ನು ನೆನೆಯುತ್ತಾರೆ. ಫ್ರಾನ್ಸಿನಿಂದ ತರಿಸಿದ ಶಿಫಾನನ್ನು ಅವರು ಸೀರೆಯಾಗಿ ಉಟ್ಟರು.

ಇಷ್ಟರಿಂದ ಕೊಳ್ಳುವವರಿಗೆ ದಕ್ಕುವ ಮುಖ್ಯ ಸಂಗತಿ ಇದು: ಶಿಫಾನ್ ಎಂಬ ಹೆಸರಿನೊಳಗೆ ರೇಷ್ಮೆ ಎಂಬ ಮಾತೇ ಇಲ್ಲ. ಬಟ್ಟೆ ಕೈಗೆ ಹೇಗೆ ಸಿಗುತ್ತದೆ, ಎಷ್ಟು ತೆಳು, ಹೇಗೆ ಮುದುಡುತ್ತದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ನೂಲು ರೇಷ್ಮೆಯೋ ಪಾಲಿಯೆಸ್ಟರೋ ಅನ್ನುವುದು ಬೇರೆ ಪ್ರಶ್ನೆ; ಅದನ್ನು ಬೇರೆಯಾಗಿಯೇ ಕೇಳಬೇಕು. 650 ರೂಪಾಯಿಯದನ್ನು ಶಿಫಾನ್ ಎಂದು ಮಾರಿದ್ದರಲ್ಲಿ ಮೋಸವಿಲ್ಲ. 8,600 ರೂಪಾಯಿಯದನ್ನು ಶಿಫಾನ್ ಎಂದದ್ದು ಮಾತ್ರ ತಪ್ಪು. ಯಾಕೆಂದು ಮುಂದೆ ಬರುತ್ತದೆ.

ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲ ಸೀರೆ, ಸಾದಾ ನೀಲಿ, ಶುದ್ಧ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಚೀಟಿ ಇರುವುದು: ಬ್ಲೌಸ್ ಪೀಸ್ ಸೇರಿ ಉದ್ದ 6.3 ಮೀಟರ್, ಅಗಲ 44 ಇಂಚು, ತೂಕ 212 ಗ್ರಾಂ. ಲೆಕ್ಕ ಹಾಕಿದರೆ ಚದರ ಮೀಟರಿಗೆ 30 ಗ್ರಾಂ. ಎರಡನೆಯದು, ಜೇನುಬಣ್ಣದ್ದು, ಅದಕ್ಕೂ ಸಿಲ್ಕ್ ಮಾರ್ಕ್ ಇದೆ: ಅದೇ ಅಳತೆ, 311 ಗ್ರಾಂ, ಚದರ ಮೀಟರಿಗೆ 44. ಮೂರನೆಯದು, ಹೂವಿನ ಪ್ರಿಂಟಿನದು: 6.1 ಮೀಟರ್, 390 ಗ್ರಾಂ, ಚದರ ಮೀಟರಿಗೆ 57. ರೇಷ್ಮೆ ವ್ಯಾಪಾರದಲ್ಲಿ ಮೊಮ್ಮೆ ಎಂಬ ಜಪಾನಿ ತೂಕ ಚಾಲ್ತಿಯಲ್ಲಿದೆ. ಒಂದು ಮೊಮ್ಮೆ ಅಂದರೆ ಚದರ ಮೀಟರಿಗೆ 4.34 ಗ್ರಾಂ. ರೇಷ್ಮೆ ಶಿಫಾನ್ 6ರಿಂದ 8 ಮೊಮ್ಮೆಯೊಳಗೆ ಬರುತ್ತದೆ, ಜಾರ್ಜೆಟ್ 8ರಿಂದ 12, ಕ್ರೇಪ್ ಅದಕ್ಕೂ ಮೇಲೆ. ನೀಲಿಯದು 7ರ ಹತ್ತಿರ, ಜೇನುಬಣ್ಣದ್ದು 10. ಅನುಮಾನ ಹುಟ್ಟಿದ್ದು ಇಲ್ಲೇ. ಅಂಗಡಿಯಲ್ಲಿ ‘ಇದು ಅರವತ್ತು ಗ್ರಾಂ ಬಟ್ಟೆ’ ಅಂದರೆ ಅದು ಉದ್ದದ ಮೀಟರಿಗೋ ಚದರ ಮೀಟರಿಗೋ ಎಂದು ಕೇಳಿಕೊಳ್ಳಿ. ಅಗಲ 44 ಇಂಚಾದರೆ ಎರಡಕ್ಕೂ ಶೇಕಡ ಹನ್ನೆರಡರ ವ್ಯತ್ಯಾಸ ಬರುತ್ತದೆ.

ಎರಡನೆಯದು ನೂಲು ಬಿಡಿಸುವುದು. ಬ್ಲೌಸ್ ಪೀಸಿನ ಕತ್ತರಿಸಿದ ತುದಿಯಿಂದ ಸೂಜಿಯಲ್ಲಿ ಒಂದೊಂದೇ ಎಳೆ ಎತ್ತಿ. ನೀಲಿ ಸೀರೆಯ ಎಳೆಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದಿದ್ದಾಗ ನೆಟ್ಟಗಿತ್ತು. ಬೆರಳನ್ನು ಹತ್ತಿರ ತಂದ ಕೂಡಲೇ ನಡುವಿನಲ್ಲಿ ಪುಟ್ಟ ಕುಣಿಕೆಯಾಗಿ ತನ್ನ ಮೈಗೆ ತಾನೇ ಸುತ್ತಿಕೊಂಡು, ಒರಳಿನಿಂದ ಬಿದ್ದ ಚಕ್ಕುಲಿಯಂತೆ ಮುರುಟಿತು. ಒಂದು ಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ಹುರಿ ಹಾಕಿದ ನೂಲಿನ ಗುಣ ಇದು. ಪಕ್ಕಪಕ್ಕದ ನಾಲ್ಕು ಎಳೆ ತೆಗೆದು ಇಳಿಬಿಟ್ಟರೆ ಎರಡು ಎಡಕ್ಕೆ ತಿರುಗುತ್ತವೆ, ಎರಡು ಬಲಕ್ಕೆ. ಎಸ್ ಟ್ವಿಸ್ಟ್, ಝಡ್ ಟ್ವಿಸ್ಟ್ ಎಂದು ಹುರಿ ಕಾರ್ಖಾನೆಯವರು ಹೇಳುವುದು ಇದನ್ನೇ. ಹಾಸಿನಲ್ಲೂ (ಉದ್ದದ ಎಳೆ) ಎರಡೆರಡು, ಹೊಕ್ಕಿನಲ್ಲೂ (ಅಡ್ಡದ ಎಳೆ) ಎರಡೆರಡು. ಎಲ್ಲಾ ಎಳೆಯೂ ಒಂದೇ ಕಡೆಗೆ ಹುರಿಯಾಗಿದ್ದರೆ, ನೇಯ್ದ ಮೇಲೆ ಸೋಪು ನೀರಲ್ಲಿ ಬೇಯಿಸಿದಾಗ ಬಟ್ಟೆ ಒಂದೇ ಕಡೆಗೆ ಎಳೆದು ಗೆರೆಗೆರೆಯಾಗಿ ಸುಕ್ಕಾಗುತ್ತದೆ. ಎದುರುಬದುರು ಎಳೆತ ಸಮವಾದಾಗ ಮರಳುಮರಳಾದ ಸಣ್ಣ ತರಿ ಮೂಡುತ್ತದೆ. ಶಿಫಾನನ್ನು ಮುಟ್ಟಿದಾಗ ಬೆರಳಿಗೆ ತಾಗುವ ಒರಟು ಆ ತರಿಯದೇ.

ಜೇನುಬಣ್ಣದ ಸೀರೆಯ ಎಳೆಯೂ ಹೀಗೇ ಮುರುಟಿತು. ಆದರೆ ಹುರಿಗೆ ಎದುರಾಗಿ ತಿರುವುತ್ತಾ ಹೋದಾಗ ಒಂದು ಘಟ್ಟದಲ್ಲಿ ಅದು ಎರಡು ಎಳೆಯಾಗಿ ಬೇರ್ಪಟ್ಟಿತು. ಅಲ್ಲಿಗೆ ತೀರ್ಮಾನವಾಯಿತು: ಅದು ಜಾರ್ಜೆಟ್. ಶಿಫಾನಿಗೆ ಒಂಟಿ ಎಳೆಯ ಹುರಿ, ಜಾರ್ಜೆಟ್‌ಗೆ ವಾಡಿಕೆಯಂತೆ ಎರಡೆಳೆ ಸೇರಿಸಿದ ಹುರಿ. ತೂಕ ಹತ್ತು ಮೊಮ್ಮೆ ಬಂದದ್ದಕ್ಕೂ ಇದೇ ಕಾರಣ. ಅಂದಹಾಗೆ ಜಾರ್ಜೆಟ್ ಕೂಡ ಫ್ರೆಂಚ್ ಹೆಸರೇ, ಜಾರ್ಜೆಟ್ ದ ಲಾ ಪ್ಲಾಂತ್ ಎಂಬ ಉಡುಪು ತಯಾರಕಿಯದು. ಪೂರ್ತಿ ಹೆಸರು ‘ಕ್ರೆಪ್ ಜಾರ್ಜೆಟ್’.

ಕ್ರೇಪಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು, ಶಿಫಾನ್, ಜಾರ್ಜೆಟ್, ಕ್ರೇಪ್ ಮೂರೂ ಒಂದೇ ಕುಲದವು. ಲ್ಯಾಟಿನ್ನಿನ ‘ಕ್ರಿಸ್ಪುಸ್’, ಗುಂಗುರಾದದ್ದು ಎಂಬ ಪದದಿಂದ ಕ್ರೆಪ್ ಬಂತು. ಫ್ರಾನ್ಸಿನವರು ತೆಳ್ಳಗೆ ಹುಯ್ಯುವ ದೋಸೆಗೂ ಅದೇ ಹೆಸರು. ನಾವು ಮೈಸೂರು ಸಿಲ್ಕ್ ಎಂದು ಕರೆಯುವ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆ ನೇಯುವ ಸೀರೆಗಳಲ್ಲಿ ಹೆಸರಾದದ್ದು ಕ್ರೇಪೇ. ಸಾಮಾನ್ಯ ಕ್ರೇಪಿನಲ್ಲಿ ಬಿಗಿ ಹುರಿ ಹೊಕ್ಕಿಗೆ ಮಾತ್ರ. ಅದಕ್ಕೇ ಕ್ರೇಪು ನುಣುಪಾಗಿ ಬೀಳುತ್ತದೆ, ಶಿಫಾನು ಗಾಳಿಗೆ ಏಳುತ್ತದೆ.

ಸಿಲ್ಕ್ ಮಾರ್ಕ್ ಚೀಟಿ ಎರಡಕ್ಕೂ ಇದ್ದರೂ ತಪ್ಪು ಹೆಸರು ಹೇಗೆ ನುಸುಳಿತು ಎಂದು ಕೇಳಬಹುದು. ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದಿಂದ 2004ರಲ್ಲಿ ಶುರುವಾದ ಆ ಗುರುತು ಹೇಳುವುದು ನೂಲು ಶುದ್ಧ ರೇಷ್ಮೆ ಎಂಬುದನ್ನು. ಹುರಿ ಎಷ್ಟು, ಎಳೆ ಒಂದೋ ಎರಡೋ, ನೇಯ್ಗೆ ಯಾವುದು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ‘ಶುದ್ಧ ರೇಷ್ಮೆ, ಶಿಫಾನ್, ಇಷ್ಟು ಗ್ರಾಂ’ ಎಂದು ಮೂರನ್ನೂ ಬರೆಸಿಕೊಳ್ಳಬೇಕು. ಇಲ್ಲಿ ಅಂಗಡಿಯವರಿಗೆ ಅರ್ಧ ಅಂಕ ಕಳೆಯುತ್ತೇವೆ, ಅರ್ಧ ಕೊಡುತ್ತೇವೆ. ‘ಶಿಫಾನೇ ಅಕ್ಕಾ, ಜಾರ್ಜೆಟ್ ಆದ್ರೆ ಇನ್ನೂ ದಪ್ಪ ಇರುತ್ತೆ’ ಎಂದವರು, ಎರಡೆಳೆ ತೋರಿಸಿದ ಮೇಲೆ ಒಪ್ಪಿ ಬಿಲ್ಲು ತಿದ್ದಿಕೊಟ್ಟರು. ಸೀರೆಯನ್ನು ಬಾಗಿಲ ಬೆಳಕಿಗೆ ತಂದು ಬಿಡಿಸಲೂ ತುದಿಯಿಂದ ಎಳೆ ತೆಗೆಯಲೂ ಅಡ್ಡಿ ಹೇಳಲಿಲ್ಲ. ಇದಕ್ಕೆ ಬಿಡದ ಅಂಗಡಿಯಲ್ಲಿ ಐದು ಸಾವಿರಕ್ಕಿಂತ ಮೇಲಿನ ಶಿಫಾನ್ ಕೊಳ್ಳಬೇಡಿ.

ಸುಟ್ಟು ನೋಡುವುದು ಕೊನೆಯ ಪರೀಕ್ಷೆ. ಹಾಸಿನ ನಾಲ್ಕು ಎಳೆ, ಹೊಕ್ಕಿನ ನಾಲ್ಕು ಎಳೆ ಬೇರೆಬೇರೆ ಹೊಸೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಒಟ್ಟಿಗೆ ಸುಟ್ಟರೆ ಬೆರಕೆ ಪತ್ತೆಯಾಗುವುದಿಲ್ಲ. ಹಾಸು ಪಾಲಿಯೆಸ್ಟರ್, ಹೊಕ್ಕು ರೇಷ್ಮೆ ಇರುವ ಮಾಲೂ ಮಾರುಕಟ್ಟೆಯಲ್ಲಿದೆ. ನೀಲಿ ಮತ್ತು ಜೇನುಬಣ್ಣದ್ದು ಎರಡೂ ಕಡೆ ಕೂದಲು ಸುಟ್ಟ ವಾಸನೆ ಕೊಟ್ಟವು, ಬೆಂಕಿ ತೆಗೆದಾಗ ತಾವೇ ಆರಿದವು, ಉಳಿದ ಕರಿ ಬೆರಳಲ್ಲಿ ಪುಡಿಯಾಯಿತು. ಮೂರನೆಯದು ಕರಗಿ, ಕಪ್ಪು ಹೊಗೆ ಬಿಟ್ಟು, ಸಾಸಿವೆಯಂಥ ಗಟ್ಟಿ ಗುಂಡಾಯಿತು: ಪೂರ್ತಿ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ ಬಂದು ಬೂದಿ ಹಾರಿಹೋದರೆ ಅದು ವಿಸ್ಕೋಸ್, ಮರದ ತಿರುಳಿನಿಂದ ಮಾಡಿದ ನೂಲು. ‘ಸೆಮಿ ಶಿಫಾನ್’ ಎಂಬ ಮಾತು ಕೇಳಿದಾಗ ಈ ಪರೀಕ್ಷೆ ತಪ್ಪಿಸಬೇಡಿ.

ಈಗ ನೀಲಿ ಸೀರೆಯ ದೋಷ. ಸೆರಗಿನಿಂದ ಒಂದು ಗೇಣು ಒಳಗೆ, ಎರಡು ಇಂಚು ಅಗಲಕ್ಕೆ ಅಡ್ಡಪಟ್ಟೆಯೊಂದಿದೆ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ತರಿ ಕಾಣುವುದಿಲ್ಲ, ಬದಲಿಗೆ ಉದ್ದುದ್ದ ಸುಕ್ಕು. ಹೊಕ್ಕಿನ ಎಳೆ ಬಿಡಿಸಿದಾಗ ಅಲ್ಲಿ ಎಲ್ಲವೂ ಒಂದೇ ಕಡೆಯ ಹುರಿ. ಮಗ್ಗದಲ್ಲಿ ಹೊಕ್ಕಿನ ನೂಲು ಒಯ್ಯುವ ಎರಡು ಲಾಳಿ ಓಡುತ್ತವೆ, ಒಂದರಲ್ಲಿ ಎಡಹುರಿ, ಒಂದರಲ್ಲಿ ಬಲಹುರಿ. ಗುರುತಿಗೆಂದು ಒಂದು ಬಗೆಯ ನೂಲಿಗೆ ತೊಳೆದರೆ ಹೋಗುವ ಕಚ್ಚಾ ಬಣ್ಣ ಹಾಕಿರುತ್ತಾರೆ. ಕಂಡಿಕೆ, ಅಂದರೆ ಲಾಳಿಯೊಳಗಿನ ನೂಲುಸುರುಳಿ ಬದಲಿಸುವಾಗ ಎರಡೂ ಲಾಳಿಗೆ ಒಂದೇ ಹುರಿ ಬಿದ್ದು, ಆ ಬಣ್ಣವನ್ನು ಗಮನಿಸದೆ ಹೋದರೆ ಮಗ್ಗದ ಮೇಲೆ ಬೇರೇನೂ ತಿಳಿಯದು, ಯಾಕೆಂದರೆ ಹಬೆ ಕೊಟ್ಟ ಹುರಿ ರೇಷ್ಮೆಯ ಸಹಜ ಅಂಟಿನೊಳಗೆ ಸುಮ್ಮನೆ ಮಲಗಿರುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಈ ಅಂಟೇ. ಸೋಪು ನೀರಲ್ಲಿ ಬೇಯಿಸಿ ಅದನ್ನು ತೆಗೆದಾಗ ಹುರಿ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಬಟ್ಟೆ ಕುಗ್ಗುತ್ತದೆ, ಪಟ್ಟೆ ಆಗ ಎದ್ದು ಕಾಣುತ್ತದೆ. ಉಟ್ಟಾಗ ಇದು ಭುಜದ ಹಿಂದೆ ಬರುತ್ತದೆ. ಇದನ್ನು ತೋರಿಸಿ 600 ರೂಪಾಯಿ ಇಳಿಸಿಕೊಳ್ಳಲು ಸಾಧ್ಯವಾಯಿತು. ಮೇಲೆ ಕೊಟ್ಟ 7,800 ಇಳಿಸಿದ ಮೇಲಿನ ಬೆಲೆ.

ಉಳಿದಂತೆ ನೀಲಿಯ ನೂಲು ಮೆಚ್ಚುವಂಥದ್ದು. ಆರು ಮೀಟರಿನಲ್ಲಿ ಗಂಟು ಕಂಡದ್ದು ಎರಡೇ ಕಡೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹತ್ತಿರವಿರುವ ನಮ್ಮ ಜಿಲ್ಲೆಯವರಿಗೆ ಇದರ ಬೆಲೆ ಗೊತ್ತು. ಚರಕದಲ್ಲಿ ಬಿಚ್ಚಿದ ನೂಲು ದಪ್ಪ-ಸಣ್ಣ ಬರುತ್ತದೆ. ಬಿಗಿ ಹುರಿ ಹಾಕುವಾಗ ಸಣ್ಣ ಜಾಗದಲ್ಲಿ ಸುತ್ತು ಹೆಚ್ಚು ಸೇರಿ ಅಲ್ಲೇ ಕಡಿಯುತ್ತದೆ. ಹಾಗಾಗಿ ಶಿಫಾನಿಗೆ ದ್ವಿತಳಿ (ಬೈವೋಲ್ಟೀನ್) ಗೂಡಿನಿಂದ ಯಂತ್ರದಲ್ಲಿ ಬಿಚ್ಚಿದ ಸಮನೂಲೇ ಬೇಕು. 20/22 ಡೆನಿಯರಿನ (ನೂಲಿನ ಸಣ್ಣ-ದಪ್ಪದ ಅಳತೆ) ಒಂದು ಎಳೆಗೆ ಏಳೆಂಟು ಗೂಡಿನ ತಂತು ಸೇರುತ್ತವೆ. ಹಾಗೆ ಸೇರಿದ ನೂಲು ಒಂಬತ್ತು ಕಿಲೋಮೀಟರ್ ಉದ್ದಕ್ಕೆ ಬರೀ ಇಪ್ಪತ್ತು-ಇಪ್ಪತ್ತೆರಡು ಗ್ರಾಂ ತೂಗುತ್ತದೆ. ಡೆನಿಯರ್ ಎಂಬುದೂ ಫ್ರೆಂಚರ ಹಳೇ ನಾಣ್ಯದ ಹೆಸರು, ನಮಗೆ ಗೊತ್ತಿರುವ ದಿನಾರಿನ ಒಡಹುಟ್ಟು.

ಅಂಗಡಿಯಿಂದಲೇ ಮಾಡಿಸಿದ ಪಿಕೋ-ಫಾಲ್ಸ್ ಬಗ್ಗೆ ಸಮಾಧಾನವಿಲ್ಲ. (ಪಿಕೋ ಎಂದರೂ ಫ್ರೆಂಚಿನಲ್ಲಿ ಅಂಚಿಗೆ ಹಾಕುವ ಚೂಪು ಮೊನೆ, ಪುಟ್ಟ ಕುಣಿಕೆ. ಗಲ್ಲಿಗಲ್ಲಿಯ ಬೋರ್ಡಿನ ಮೇಲೆ ಇರುವ ಪದ.) ನೀಲಿ ಸೀರೆಗೆ ದಪ್ಪ ಪಾಲಿಯೆಸ್ಟರ್ ದಾರ ಹಾಕಿ, ದಾರದ ಬಿಗಿ ಸಡಿಲಿಸದೆ ಹೊಡೆದಿದ್ದಾರೆ. ಅಂಚು ಹಪ್ಪಳದಂತೆ ಅಲೆಅಲೆಯಾಗಿ ಎದ್ದಿದೆ. ಫಾಲ್ಸ್ ಹತ್ತಿಯದು, ನೆನೆಸದೆ ಹಾಕಿದ್ದು. ಮೊದಲ ಒಗೆತಕ್ಕೆ ಅದು ಕುಗ್ಗಿ ನೆರಿಗೆಯ ಬುಡ ಎಳೆದುಕೊಂಡಿತು. ಶಿಫಾನಿಗೆ ಫಾಲ್ಸನ್ನು ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕೈಹೊಲಿಗೆಯಲ್ಲಿ ಸಡಿಲವಾಗಿ ಹಾಕಿಸಬೇಕು. ಬ್ಲೌಸಿಗೆ ಲೈನಿಂಗ್ ಕಡ್ಡಾಯ. ದರ್ಜಿಯವರ ಮಿಷನ್ನಿನಲ್ಲಿ ಸಾಮಾನ್ಯವಾಗಿ ಇರುವ 14ರ ಅಥವಾ 16ರ ಸೂಜಿ ಬಿಚ್ಚಿಸಿ 9ರದು, ಸಿಗದಿದ್ದರೆ 11ರದು ಹಾಕಿಸಿ. ಇಂಚಿಗೆ ಹನ್ನೆರಡು ಹದಿಮೂರು ಹೊಲಿಗೆ ಬರಲಿ. ಬಟ್ಟೆ ಮಿಷನ್ನಿನ ಹಲ್ಲಿಗೆ ಸಿಕ್ಕಿ ಒಳಗೆ ಎಳೆಯುತ್ತಿದ್ದರೆ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು ಹರಿದು ತೆಗೆಯಬಹುದು. ಕಂಕುಳ ಹತ್ತಿರ ಅಳತೆ ಬಿಗಿ ಇದ್ದರೆ ಬಟ್ಟೆ ಹರಿಯುವುದಿಲ್ಲ, ಎಳೆಗಳೇ ಹೊಲಿಗೆಯಿಂದ ಜರುಗಿ ಬಾಯಿಬಿಡುತ್ತವೆ. ಅರ್ಧ ಇಂಚು ಸಡಿಲ ಇಡಿಸಿ, ಎರಡು ಸಲ ಮಡಿಸಿ ಹೊಲಿಯುವ ಫ್ರೆಂಚ್ ಸೀಮ್ ಕೇಳಿ.

ಮೂರಲ್ಲಿ ಯಾವುದನ್ನು ಕೊಳ್ಳಬೇಕು? ವರ್ಷಕ್ಕೆ ಹತ್ತು ಸಲ ಉಡುವವರಿಗೆ ನಮ್ಮ ಮತ ಜೇನುಬಣ್ಣದ್ದಕ್ಕೇ, ಜಾರ್ಜೆಟ್ ಎಂದು ತಿಳಿದೇ ಕೊಳ್ಳುವುದಾದರೆ. ಎರಡೆಳೆಯ ನೂಲಿಗೆ ಬಳೆ, ಪಿನ್ನು ಸಿಕ್ಕಿದರೂ ತಡೆಯುತ್ತದೆ. ನೆರಿಗೆ ಸಂಜೆಯವರೆಗೂ ಕೂತಿರುತ್ತದೆ. ನೀಲಿ ಶಿಫಾನ್ ಮೈಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಮುಷ್ಟಿಯಲ್ಲಿ ಮುದುಡಿ ಬಿಟ್ಟರೆ ನಿಧಾನಕ್ಕೆ ಉಸಿರು ಬಿಟ್ಟಂತೆ ಬಿಚ್ಚಿಕೊಳ್ಳುತ್ತದೆ. ಬೇರೆ ಯಾವ ಬಟ್ಟೆಯಲ್ಲೂ ಆ ಸುಖವಿಲ್ಲ, ಆದರೆ ಮಗು ಎತ್ತಿಕೊಂಡು ಬಸ್ಸು ಹತ್ತುವವರಿಗೆ ಅದು ಆಗಿಬರುವುದಿಲ್ಲ. ಪಿನ್ನು ಹಾಕಲೇಬೇಕಾದರೆ ಭುಜದಲ್ಲಿ ನಾಲ್ಕು ಮಡಿಕೆ ಸೇರಿಸಿ ಒಳಗೆ ಒಂದು ಚೂರು ಹತ್ತಿ ಬಟ್ಟೆ ಇಟ್ಟು ಹಾಕಿ. 650ರ ಪಾಲಿಯೆಸ್ಟರ್ ಆ ಬೆಲೆಗೆ ಒಳ್ಳೆಯ ಮಾಲು. ಬಣ್ಣ ಬಿಡಲಿಲ್ಲ, ಇಸ್ತ್ರಿ ಬೇಡ. ಬಿಸಿಲಿಗೆ ಬೆವರು ಹೀರುವುದಿಲ್ಲ. ಒಲೆಯ ಹತ್ತಿರ ಮಾತ್ರ ಉಡಬೇಡಿ, ಕರಗಿ ಮೈಗೆ ಅಂಟುತ್ತದೆ.

ಒಗೆಯುವುದರಲ್ಲಿ ನಮ್ಮ ಸೀಮೆಗೆ ಒಂದು ಬೇರೆ ತೊಂದರೆಯಿದೆ. ಚಿಕ್ಕಬಳ್ಳಾಪುರ, ಕೋಲಾರದ ಕೊಳವೆಬಾವಿ ನೀರು ಗಡುಸು. ಅದರಲ್ಲಿ ಸೋಪು ಹಾಕಿದರೆ ನೊರೆ ಬರುವ ಬದಲು ಬಿಳಿ ಜಿಡ್ಡಾಗಿ ಶಿಫಾನಿನ ತರಿಯೊಳಗೆ ಕೂರುತ್ತದೆ, ನೀಲಿ ಬಣ್ಣ ಬೂದು ಹಿಡಿದಂತೆ ಕಾಣುತ್ತದೆ. ಸೋಪು ಬಿಟ್ಟು ಅಂಟುವಾಳದ ನೀರು ಅಥವಾ ರೇಷ್ಮೆಗೆಂದೇ ಸಿಗುವ ದ್ರವ ಬಳಸಿ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಸಾಕು. ಮೂರು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಕೊನೆಯ ಜಾಲಾಟದ ಐದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಜಿಡ್ಡು ಬಿಡುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಹಿಂಡಬೇಡಿ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ. ಹಸಿಯಾಗಿರುವಾಗ ಸೀರೆ ಅಗಲದಲ್ಲಿ ಎರಡು ಮೂರು ಇಂಚು ಕುಗ್ಗಿದಂತೆ ಕಂಡರೆ ಗಾಬರಿ ಬೀಳಬೇಡಿ, ನೀರು ತಗುಲಿದ ಹುರಿ ಹಾಗೇ ಮಾಡುತ್ತದೆ. ಅರೆಹಸಿ ಇರುವಾಗ ಒಳಮಗ್ಗುಲಿಂದ ಸಣ್ಣ ಕಾವಿನಲ್ಲಿ, ಇಬ್ಬರು ಎರಡೂ ಅಂಚು ಮೆಲ್ಲಗೆ ಎಳೆದು ಹಿಡಿದು ಇಸ್ತ್ರಿ ಮಾಡಿದರೆ ಅಗಲ ಮರಳಿ ಬರುತ್ತದೆ. ಒಣಗಿದ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಹನಿ ಬಿದ್ದ ಕಡೆಯೆಲ್ಲ ಕಲೆ ಕಲೆಯಾಗಿ ಸುಕ್ಕು ನಿಲ್ಲುತ್ತದೆ, ಆಗ ಇಡೀ ಸೀರೆಯನ್ನು ಮತ್ತೆ ಅದ್ದಿ ತೆಗೆಯಬೇಕಾಗುತ್ತದೆ.